ಹೆಸರಿದೆ, ಅಳತೆಯಿಲ್ಲ: ಒಂದು ಪಥ್ಯದ ಪಟ್ಟಿಯ ವಿಮರ್ಶೆ

ಸಾಮಾನ್ಯವಾಗಿ ವಿಮರ್ಶೆಗೆ ಒಳಗಾಗುವುದು ಪುಸ್ತಕಗಳು. ನಾನಿಲ್ಲಿ ಎತ್ತಿಕೊಂಡಿರುವುದು ಒಂದೇ ಒಂದು ಹಾಳೆಯನ್ನು. ಆದರೆ ಇದರ ಓದುಗರ ಸಂಖ್ಯೆ ಯಾವ ಜನಪ್ರಿಯ ಪುಸ್ತಕಕ್ಕೂ ಕಡಿಮೆಯಲ್ಲ. ಮಧುಮೇಹ ಇದೆ ಎಂದು ಗೊತ್ತಾದ ದಿನ, ಔಷಧದ ಚೀಟಿಯ ಜೊತೆಯಲ್ಲೇ ರೋಗಿಯ ಕೈಸೇರುವ ‘ಡಯಟ್ ಚಾರ್ಟ್’ ಅದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಪಥ್ಯದ ಪಟ್ಟಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ, 2021ರಲ್ಲಿ ಭಾರತದಲ್ಲಿದ್ದ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ 10 ಲಕ್ಷ. ಇವರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೋ ದೇವರ ಪಟದ ಹಿಂದಕ್ಕೋ ಇಂಥ ಹಾಳೆಯೊಂದು ಸಿಕ್ಕಿಕೊಂಡಿರುತ್ತದೆ. ಇಷ್ಟು ಮಂದಿ ಓದುವ ಬರಹವನ್ನು ಯಾರೂ ವಿಮರ್ಶಿಸುವುದಿಲ್ಲ ಎಂಬುದು ಸೋಜಿಗ.

ನನ್ನ ಕೈಗೆ ಈ ಹಾಳೆ ಬಂದದ್ದು ಹೀಗೆ. ಬೆಂಗಳೂರಿನ ಹಲಸೂರಿಗೆ ಅಂಟಿಕೊಂಡಿರುವ ಮರ್ಫಿ ಟೌನಿನಲ್ಲಿ ನಮ್ಮ ಮನೆ. ಹಿಂದಿನ ಓಣಿಯ ಹೆಣ್ಣುಮಗಳೊಬ್ಬಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಎರಡನೆಯ ಬಸಿರು, ಏಳನೆಯ ತಿಂಗಳು. ಗ್ಲೂಕೋಸ್ ನೀರು ಕುಡಿಸಿ ಮಾಡಿದ ಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚೆಂದು ಬಂದಿತ್ತು. “ಸಾರ್, ಇದರಲ್ಲಿ ಏನು ಬರೆದಿದೆ ಸ್ವಲ್ಪ ಓದಿ ಹೇಳ್ತೀರಾ?” ಎಂದು ಹಾಳೆ ಚಾಚಿದಳು. ಅವಳ ಮನೆಯ ಮಾತು ತಮಿಳು, ಓದಿದ್ದು ಕನ್ನಡದಲ್ಲಿ, ಹಾಳೆಯಲ್ಲಿದ್ದದ್ದು ಇಂಗ್ಲಿಷು. ಅದೂ ಪ್ರತಿಯ ಪ್ರತಿಯ ಪ್ರತಿ ತೆಗೆದು ಅಕ್ಷರಗಳು ಅರ್ಧ ಮಾಸಿಹೋದ ಜೆರಾಕ್ಸು.

ನಾನು ವೈದ್ಯನಲ್ಲ, ಭೌತಶಾಸ್ತ್ರ ಕಲಿಸುವವನು. ಹಾಗಾಗಿ ವೈದ್ಯಕೀಯದ ತೀರ್ಮಾನಗಳನ್ನು ಪ್ರಶ್ನಿಸುವ ಉದ್ದೇಶ ನನಗಿಲ್ಲ. ಆದರೆ ಪ್ರಯೋಗಾಲಯದಲ್ಲಿ ಮೂರು ದಶಕ ವಿದ್ಯಾರ್ಥಿಗಳ ದಾಖಲೆ ಪುಸ್ತಕ ತಿದ್ದಿದವನಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಯಾವುದೇ ಕಾಗದ ಕಂಡರೂ ಮೊದಲು ಕಣ್ಣು ಹುಡುಕುವುದು ಪರಿಮಾಣ ಮತ್ತು ಮಾನಗಳನ್ನು. ಆ ಕಣ್ಣಿನಿಂದಲೇ ಈ ವಿಮರ್ಶೆ.

ಹಾಳೆಯಲ್ಲಿ ಏನಿದೆ?

ಹಾಳೆಯನ್ನು ನಡುವೆ ಗೆರೆಯೆಳೆದು ಎರಡು ಭಾಗ ಮಾಡಲಾಗಿತ್ತು. ಎಡಗಡೆ ‘ತಿನ್ನಬಹುದು’: ರಾಗಿ, ಗೋಧಿ, ಓಟ್ಸ್, ಕಂದು ಬ್ರೆಡ್, ಮೊಳಕೆ ಕಾಳು, ಸೊಪ್ಪು, ಸೌತೆ, ಕೆನೆ ತೆಗೆದ ಹಾಲು, ಆರು ಬಾದಾಮಿ. ಬಲಗಡೆ ‘ತಿನ್ನಬಾರದು’: ಅನ್ನ, ಸಕ್ಕರೆ, ಆಲೂಗಡ್ಡೆ, ಬಾಳೆ, ಮಾವು, ಸಪೋಟ, ಹಲಸು. ಹಲಸಿನ ಹೆಸರು ಹೊತ್ತ ಹಲಸೂರಿನ ಮಗ್ಗುಲಲ್ಲೇ ಹಲಸಿಗೆ ನಿಷೇಧ! ಕೆಳಗೆ ವೇಳಾಪಟ್ಟಿ: ಹನ್ನೊಂದಕ್ಕೆ ಮಜ್ಜಿಗೆ, ನಾಲ್ಕಕ್ಕೆ ಮೊಳಕೆ ಕಾಳು.

ಮೂರು ಸಂಗತಿಗಳು ತಕ್ಷಣ ಕಣ್ಣಿಗೆ ಬಿದ್ದವು. ಮೊದಲನೆಯದಾಗಿ, ಇಡೀ ಹಾಳೆಯಲ್ಲಿ ಅಳತೆ ಇದ್ದದ್ದು ಬಾದಾಮಿಗೆ ಮಾತ್ರ. ಸಕ್ಕರೆಯ ದೃಷ್ಟಿಯಿಂದ ಎಲ್ಲಕ್ಕಿಂತ ಕಡಿಮೆ ಅಪಾಯದ ವಸ್ತುವಿಗೆ ಎಣಿಕೆ; ಎಲ್ಲಕ್ಕಿಂತ ಹೆಚ್ಚು ಪ್ರಮಾಣದಲ್ಲಿ ತಿನ್ನುವ ರಾಗಿಗೆ ಎಣಿಕೆಯೇ ಇಲ್ಲ. ಎರಡನೆಯದಾಗಿ, ಪಟ್ಟಿ ಪೂರ್ತಿ ಸಸ್ಯಾಹಾರದ್ದು. ಮರ್ಫಿ ಟೌನಿನ ಮಾರುಕಟ್ಟೆಗೆ ಹೋಗಿ ಬರುವ ಮನೆಗಳಲ್ಲಿ ಮೊಟ್ಟೆ, ಮೀನು, ಕೋಳಿ ದಿನನಿತ್ಯದ ಮಾತು. ಇವುಗಳಲ್ಲಿ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ, ಪ್ರೋಟೀನು ಹೇರಳ. ಆದರೂ ಹಾಳೆ ಅವುಗಳ ವಿಷಯದಲ್ಲಿ ಮೌನ. ‘ಹೇಳಿಲ್ಲ ಅಂದರೆ ತಿನ್ನಬಾರದು ಅಂತಲೇ’ ಎಂದು ತಿಳಿದು ಅವಳು ಮೊಟ್ಟೆಯನ್ನೂ ಬಿಟ್ಟಿದ್ದಳು. ಮೂರನೆಯದಾಗಿ, ವೇಳಾಪಟ್ಟಿ ಬರೆದವರ ಕಣ್ಣ ಮುಂದೆ ಇದ್ದದ್ದು ಹಗಲೆಲ್ಲ ಮನೆಯಲ್ಲಿರುವ ಗೃಹಿಣಿ. ಮಧ್ಯಾಹ್ನ ಅರ್ಧ ಗಂಟೆ ಬಿಡುವು ಬಿಟ್ಟರೆ ಯಂತ್ರದ ಮುಂದಿನಿಂದ ಏಳಲಾಗದ ಹೆಣ್ಣುಮಗಳಿಗೆ ಹನ್ನೊಂದರ ಮಜ್ಜಿಗೆ ಎಲ್ಲಿಂದ ಬರಬೇಕು?

ಇದರ ಪರಿಣಾಮ ಏನಾಗಿತ್ತು ಗೊತ್ತೆ? ಬೆಳಿಗ್ಗೆ ಇಡ್ಲಿ ಬಿಟ್ಟು ಬರಿಯ ಕಾಫಿ ಕುಡಿದು ಕೆಲಸಕ್ಕೆ ಹೋಗುವುದು. ಮಧ್ಯಾಹ್ನ ಒಂದಿಷ್ಟು ಕಾಳು. ರಾತ್ರಿ ಹಸಿವು ತಾಳಲಾರದೆ, ‘ರಾಗಿಗೆ ತಡೆಯಿಲ್ಲ’ ಎಂಬ ನಂಬಿಕೆಯಿಂದ ಎರಡು ದೊಡ್ಡ ಮುದ್ದೆ. ಹದಿನೈದು ದಿನದಲ್ಲಿ ಅವಳ ತೂಕ ಏರುವ ಬದಲು ಇಳಿದಿತ್ತು. ಊಟದ ನಂತರದ ಸಕ್ಕರೆ ಮಾತ್ರ ಇಳಿದಿರಲಿಲ್ಲ. ಪಟ್ಟಿಯನ್ನು ಅವಳು ಮೀರಿರಲಿಲ್ಲ, ಅಕ್ಷರಶಃ ಪಾಲಿಸಿದ್ದಳು. ತಪ್ಪು ಇದ್ದದ್ದು ಪಟ್ಟಿಯಲ್ಲಿ.

ರಕ್ತದಲ್ಲಿರುವುದು ಒಂದು ಚಮಚ ಸಕ್ಕರೆ

ಹಾಗಾದರೆ ಪಟ್ಟಿಯ ಮೂಲ ದೋಷ ಯಾವುದು? ಒಂದು ಸಣ್ಣ ಲೆಕ್ಕ ಮಾಡೋಣ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್, ಅಂದರೆ 50 ಡೆಸಿಲೀಟರ್ ರಕ್ತವಿದೆ. ಪ್ರತಿ ಡೆಸಿಲೀಟರಿಗೆ 100 ಮಿಲಿಗ್ರಾಂನಂತೆ ಗ್ಲೂಕೋಸ್ ಇದ್ದರೆ ಒಟ್ಟು 5,000 ಮಿಲಿಗ್ರಾಂ, ಅಂದರೆ 5 ಗ್ರಾಂ. ಒಂದು ಚಹಾ ಚಮಚದಷ್ಟು! ಒಂದು ಸಾಧಾರಣ ಊಟದಿಂದ 60 ಗ್ರಾಂ ಶರ್ಕರಪಿಷ್ಟ ಒಳಗೆ ಹೋಯಿತೆನ್ನಿ. ಅದು ರಕ್ತದಲ್ಲಿ ಆಗಲೇ ಇರುವುದಕ್ಕೆ ಹನ್ನೆರಡು ಪಟ್ಟು. ಅದೆಲ್ಲವೂ ಒಟ್ಟಿಗೆ ರಕ್ತಕ್ಕೆ ಬಂದು ಅಲ್ಲೇ ನಿಂತರೆ ಗತಿಯೇನು? ಹಾಗಾಗುವುದಿಲ್ಲ. ಕರುಳು ಪಿಷ್ಟವನ್ನು ಒಡೆದು ಸ್ವಲ್ಪ ಸ್ವಲ್ಪವಾಗಿ ಒಳಬಿಡುತ್ತದೆ. ಇನ್ಸುಲಿನ್ನಿನ ಅಪ್ಪಣೆಯಂತೆ ಯಕೃತ್ತು, ಸ್ನಾಯು ಮತ್ತು ಕೊಬ್ಬಿನ ಕೋಶಗಳು ಅದನ್ನು ಎತ್ತಿಕೊಳ್ಳುತ್ತವೆ.

ಮೇಲೊಂದು ನಲ್ಲಿ, ತಳದಲ್ಲೊಂದು ನಲ್ಲಿ ಇರುವ ನೀರಿನ ತೊಟ್ಟಿಯನ್ನು ಕಲ್ಪಿಸಿಕೊಳ್ಳಿ. ತೊಟ್ಟಿಯ ಮಟ್ಟ ಏರುವುದೋ ಇಳಿಯುವುದೋ ಎಂಬುದು ಒಳಹರಿವಿನ ದರದಿಂದ ಹೊರಹರಿವಿನ ದರವನ್ನು ಕಳೆದರೆ ಏನುಳಿಯುತ್ತದೆ ಎಂಬುದನ್ನು ಅವಲಂಬಿಸಿದೆ. ಮಧುಮೇಹದಲ್ಲಿ ತಳದ ನಲ್ಲಿ ಬಿಗಿಯಾಗಿರುತ್ತದೆ. ಆಗ ನಮ್ಮ ಕೈಯಲ್ಲಿರುವುದು ಮೇಲಿನ ನಲ್ಲಿ. ಒಳಗೆ ಹೋಗುವ ಒಟ್ಟು ಪ್ರಮಾಣವೆಷ್ಟು, ಅದು ಎಷ್ಟು ಹೊತ್ತಿನಲ್ಲಿ ಒಳಸೇರುತ್ತದೆ, ಹಿಂದಿನ ಊಟಕ್ಕೂ ಇದಕ್ಕೂ ಅಂತರವೆಷ್ಟು - ಇವು ಮುಖ್ಯ. ನೀರು ಯಾವ ಬಾವಿಯದು ಎಂದು ತೊಟ್ಟಿ ಕೇಳುವುದಿಲ್ಲ. ಬಾವಿಗಳ ಹೆಸರನ್ನಷ್ಟೇ ಬರೆದು ಹರಿವನ್ನು ಬಿಟ್ಟಿರುವುದೇ ನಮ್ಮ ಪಟ್ಟಿಯ ಮೂಲ ದೋಷ.

ರಾಗಿಯ ಲೆಕ್ಕ

ರಾಗಿ ನಮ್ಮ ಹೆಮ್ಮೆಯ ಧಾನ್ಯ. ಅದರ ಬಗ್ಗೆ ಎರಡು ಮಾತು ಹೇಳಿದರೂ ಮುನಿಸಿಕೊಳ್ಳುವವರು ಹಳೆಯ ಮೈಸೂರು ಸೀಮೆಯಲ್ಲಿ ಬಹಳ ಮಂದಿ. ಮುದ್ದೆ ಉಂಡು ಬೆಳೆದ ನಾನೂ ಅವರಲ್ಲೊಬ್ಬ. ಆದರೂ ಅಂಕಿಗಳನ್ನು ನೋಡಲೇಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕದ ಪ್ರಕಾರ, 100 ಗ್ರಾಂ ರಾಗಿಯಲ್ಲಿ ನಾರನ್ನು ಕಳೆದು ಉಳಿಯುವ ಶರ್ಕರಪಿಷ್ಟ 66.8 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇದು 78.2 ಗ್ರಾಂ. ಅಂದರೆ 100 ಗ್ರಾಂ ರಾಗಿಹಿಟ್ಟು ಸುಮಾರು 85 ಗ್ರಾಂ ಅಕ್ಕಿಗೆ ಸಮ. ವ್ಯತ್ಯಾಸವಿದೆ, ನಿಜ. ಆದರೆ ಒಂದನ್ನು ಪೂರ್ತಿ ನಿಷೇಧಿಸಿ ಇನ್ನೊಂದನ್ನು ಲಂಗುಲಗಾಮಿಲ್ಲದೆ ಬಿಡುವಷ್ಟಲ್ಲ.

ರಾಗಿಯ ನಿಜವಾದ ಹಿರಿಮೆ ಬೇರೆಡೆ ಇದೆ. ಅದೇ ಕೋಷ್ಟಕದಲ್ಲಿ ರಾಗಿಯ ನಾರಿನಂಶ 11.2 ಗ್ರಾಂ, ಅಕ್ಕಿಯದು 2.8 ಗ್ರಾಂ. ಕ್ಯಾಲ್ಸಿಯಂ ರಾಗಿಯಲ್ಲಿ 364 ಮಿಲಿಗ್ರಾಂ, ಅಕ್ಕಿಯಲ್ಲಿ ಹತ್ತಕ್ಕಿಂತಲೂ ಕಡಿಮೆ. ಮಗುವಿನ ಮೂಳೆ ಬಲಿಯುತ್ತಿರುವ ತಿಂಗಳುಗಳಲ್ಲಿ ತಾಯಿಗೆ ರಾಗಿ ಕೊಡಲು ಇದೇ ಸಾಕಷ್ಟು ದೊಡ್ಡ ಕಾರಣ. ಸಕ್ಕರೆ ಕಾಯಿಲೆಯ ಮದ್ದು ಎಂಬ ಸುಳ್ಳು ಕಿರೀಟ ಅದಕ್ಕೆ ಬೇಕಿಲ್ಲ.

ಕೇಂದ್ರ ಆರೋಗ್ಯ ಸಚಿವಾಲಯ ಗರ್ಭಕಾಲದ ಮಧುಮೇಹಕ್ಕಾಗಿ 2014ರಲ್ಲಿ ಹೊರಡಿಸಿ 2018ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯಲ್ಲಿ ಒಂದು ಸರಳ ಎಣಿಕೆಯಿದೆ. 15 ಗ್ರಾಂ ಶರ್ಕರಪಿಷ್ಟವನ್ನು ಒಂದು ಪಾಲು ಎಂದು ಕರೆದು, ಪ್ರತಿ ಮುಖ್ಯ ಊಟಕ್ಕೆ ಎರಡರಿಂದ ಮೂರು ಪಾಲು, ನಡುವಿನ ತಿಂಡಿಗೆ ಒಂದರಿಂದ ಎರಡು ಪಾಲು ಎಂದು ಅದು ಹೇಳುತ್ತದೆ. ಇದನ್ನು ನಮ್ಮ ಅಡುಗೆಮನೆಗೆ ಇಳಿಸಿದರೆ, ಒಂದು ಪಾಲೆಂದರೆ ಸುಮಾರು 22 ಗ್ರಾಂ ರಾಗಿಹಿಟ್ಟು ಅಥವಾ 19 ಗ್ರಾಂ ಅಕ್ಕಿ. ಒಂದು ಊಟಕ್ಕೆ ಹೆಚ್ಚೆಂದರೆ 67 ಗ್ರಾಂ ಹಿಟ್ಟಿನ ಮುದ್ದೆ. ನಮ್ಮ ಹೆಣ್ಣುಮಗಳ ಮನೆಯಲ್ಲಿ ಹಿಟ್ಟು ಅಳೆಯುವ ಲೋಟವನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ನೋಡಿದೆವು. ಒಂದು ಮುದ್ದೆಗೆ ಹೋಗುತ್ತಿದ್ದದ್ದು 100 ಗ್ರಾಂ ಹಿಟ್ಟು. ಎರಡು ಮುದ್ದೆಗೆ 134 ಗ್ರಾಂ ಶರ್ಕರಪಿಷ್ಟವಾಯಿತು. 45 ಗ್ರಾಂ ಮಿತಿಯ ಸರಿಸುಮಾರು ಮೂರು ಪಟ್ಟು! ಹಾಳೆಯ ಪ್ರಕಾರ ಮಾತ್ರ ಅವಳದು ನಿರ್ದೋಷವಾದ ಪಥ್ಯ.

ಪ್ರಮಾಣದಷ್ಟೇ ಮುಖ್ಯವಾದದ್ದು ರೂಪ. ಒಂದು ಸೆಂಟಿಮೀಟರ್ ಬದಿಯ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮಿಲಿಮೀಟರ್ ಬದಿಯ ಸಾವಿರ ಚೂರುಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 60 ಚದರ ಸೆಂಟಿಮೀಟರ್ ಆಗುತ್ತದೆ. ಜೀರ್ಣರಸದ ಕಿಣ್ವಗಳು ಕೆಲಸ ಮಾಡುವುದು ಮೇಲ್ಮೈಯಲ್ಲಿ. ಆದ್ದರಿಂದ ಹಿಟ್ಟು ನುಣುಪಾದಷ್ಟೂ ಪಿಷ್ಟ ಬೇಗ ಒಡೆಯುತ್ತದೆ. ಇನ್ನು ತೆಳ್ಳಗೆ ಕಾಸಿದ ಅಂಬಲಿ ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೊಳಕೆ ಬರಿಸಿ ಮಾಡಿದ ರಾಗಿ ಮಾಲ್ಟಿನಲ್ಲಂತೂ ಮೊಳಕೆಯೊಳಗಿನ ಕಿಣ್ವಗಳೇ ಪಿಷ್ಟದ ಒಂದು ಭಾಗವನ್ನು ಮುಂಚಿತವಾಗಿ ಒಡೆದು ಮಾಲ್ಟೋಸ್ ಸಕ್ಕರೆ ಮಾಡಿಟ್ಟಿರುತ್ತವೆ. ಹಸುಗೂಸಿಗೆ ಅದು ವರ. ಮಧುಮೇಹಿಗೆ ಅದೇ ಗುಣ ತೊಂದರೆ. ಮುದ್ದೆ, ರೊಟ್ಟಿ, ಅಂಬಲಿ, ಮಾಲ್ಟ್ - ನಾಲ್ಕಕ್ಕೂ ಪಟ್ಟಿಯಲ್ಲಿರುವುದು ‘ರಾಗಿ’ ಎಂಬ ಒಂದೇ ಪದ.

ಬೆಲ್ಲದ ಬಗ್ಗೆಯೂ ಒಂದು ಮಾತು. ‘ಸಕ್ಕರೆ ಬೇಡ, ಬೆಲ್ಲ ಪರವಾಗಿಲ್ಲ’ ಎಂಬ ಸಲಹೆ ಪಟ್ಟಿಯಲ್ಲಿರಲಿಲ್ಲ, ಓಣಿಯಲ್ಲಿತ್ತು. 100 ಗ್ರಾಂ ಬೆಲ್ಲದಲ್ಲಿ ಶರ್ಕರಪಿಷ್ಟ ಸುಮಾರು 85 ಗ್ರಾಂ. ಬಣ್ಣ ಬೇರೆ ಎಂದ ಮಾತ್ರಕ್ಕೆ ರಕ್ತ ಮೋಸಹೋಗುವುದಿಲ್ಲ.

ಸೂಚ್ಯಂಕ ಎಂಬ ಇನ್ನೊಂದು ಪಟ್ಟಿ

ಸ್ವಲ್ಪ ಹೆಚ್ಚು ಓದಿಕೊಂಡವರು ಇಲ್ಲಿ ಗ್ಲೈಸೀಮಿಕ್ ಸೂಚ್ಯಂಕದ ಮಾತೆತ್ತುತ್ತಾರೆ. ಕೆನಡಾದ ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ ರೂಪಿಸಿದ ಕಲ್ಪನೆ ಇದು. 50 ಗ್ರಾಂ ಶರ್ಕರಪಿಷ್ಟ ಇರುವಷ್ಟು ಆಹಾರವನ್ನು ಕೊಟ್ಟು, ಎರಡು ಗಂಟೆಗಳ ಕಾಲ ರಕ್ತದ ಗ್ಲೂಕೋಸನ್ನು ಅಳೆದು ನಕ್ಷೆ ಬರೆಯುತ್ತಾರೆ. ಆ ವಕ್ರರೇಖೆಯ ಕೆಳಗಿನ ಕ್ಷೇತ್ರಫಲವನ್ನು, ಅಷ್ಟೇ ಶುದ್ಧ ಗ್ಲೂಕೋಸ್ ಕುಡಿದಾಗ ಬರುವ ಕ್ಷೇತ್ರಫಲಕ್ಕೆ ಹೋಲಿಸಿ ಶೇಕಡಾವಾರು ಹೇಳುತ್ತಾರೆ. 55 ಅಥವಾ ಅದಕ್ಕಿಂತ ಕಡಿಮೆಯಾದರೆ ಕೆಳಮಟ್ಟ, 70 ಅಥವಾ ಮೇಲಾದರೆ ಮೇಲ್ಮಟ್ಟ.

ಕಲ್ಪನೆ ಸೊಗಸಾಗಿದೆ. ಧಾನ್ಯಗಳ ಗುಂಪುಗಳನ್ನು ಸ್ಥೂಲವಾಗಿ ಹೋಲಿಸಲು ಉಪಯುಕ್ತವೂ ಹೌದು. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ನೇತೃತ್ವದಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಕಿರುಧಾನ್ಯಗಳ ಸರಾಸರಿ ಸೂಚ್ಯಂಕ 52.7 ಎಂದೂ, ಪಾಲಿಶ್ ಅಕ್ಕಿಗಿಂತ ಇದು ಸಾಕಷ್ಟು ಕಡಿಮೆ ಎಂದೂ ಕಂಡುಬಂದಿದೆ. ಆದರೆ ಸೂಚ್ಯಂಕದ ಮಿತಿಗಳನ್ನೂ ತಿಳಿದಿರಬೇಕು. ಅದು ಅನುಪಾತ, ನಿಮ್ಮ ತಟ್ಟೆಯಲ್ಲಿರುವ ಪ್ರಮಾಣಕ್ಕೂ ಅದಕ್ಕೂ ಸಂಬಂಧವಿಲ್ಲ. ಅರ್ಧ ಮುದ್ದೆಯ ಸೂಚ್ಯಂಕವೂ ಎರಡು ಮುದ್ದೆಯ ಸೂಚ್ಯಂಕವೂ ಒಂದೇ. ಜೊತೆಗೆ ಅದು ಕೆಲವೇ ಮಂದಿಯ ಸರಾಸರಿ. 2016ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ತಂಡವೊಂದು 63 ಮಂದಿಗೆ ಬಿಳಿ ಬ್ರೆಡ್ ಕೊಟ್ಟು ಮತ್ತೆ ಮತ್ತೆ ಪರೀಕ್ಷಿಸಿದಾಗ, ಒಬ್ಬನೇ ವ್ಯಕ್ತಿಯಲ್ಲಿ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಸುಮಾರು ಶೇಕಡಾ 20ರಷ್ಟು ಏರುಪೇರು ಕಂಡಿತು. ಹೀಗಿರುವಾಗ 55 ಮತ್ತು 60ರ ನಡುವಿನ ವ್ಯತ್ಯಾಸವನ್ನು ಹಿಡಿದು ಒಂದು ಧಾನ್ಯವನ್ನು ಹೊಗಳಿ ಇನ್ನೊಂದನ್ನು ತೆಗಳುವುದು, ಸೆಂಟಿಮೀಟರ್ ಗೆರೆಗಳಿರುವ ಪಟ್ಟಿಯಿಂದ ಕೂದಲಿನ ದಪ್ಪ ಅಳೆದಂತೆ.

ಗರ್ಭಿಣಿಯ ಲೆಕ್ಕವೇ ಬೇರೆ

ಮಧುಮೇಹಿಗಳೆಲ್ಲರಿಗೂ ಒಂದೇ ಹಾಳೆ ಕೊಡುವುದು ಇನ್ನೂ ದೊಡ್ಡ ದೋಷ. ಐವತ್ತರ ಸ್ಥೂಲಕಾಯದ ಗಂಡಸಿಗೆ ‘ಕಡಿಮೆ ತಿನ್ನಿ’ ಎಂಬುದು ಒಳ್ಳೆಯ ಸಲಹೆ. ಏಳು ತಿಂಗಳ ಬಸುರಿಗೆ ಅದೇ ಮಾತು ಅಪಾಯ. ಯಾಕೆಂದು ನೋಡೋಣ.

ಗರ್ಭ ಬೆಳೆದಂತೆ ಮಾಸು ಕೆಲವು ಹಾರ್ಮೋನುಗಳನ್ನು ಸುರಿಸುತ್ತದೆ. ಇವು ತಾಯಿಯ ದೇಹದಲ್ಲಿ ಇನ್ಸುಲಿನ್ನಿನ ಕೆಲಸವನ್ನು ಮಂದಗೊಳಿಸುತ್ತವೆ. ಮಗುವಿಗೆ ಗ್ಲೂಕೋಸ್ ಧಾರಾಳವಾಗಿ ಸಿಗಲಿ ಎಂಬ ಪ್ರಕೃತಿಯ ಏರ್ಪಾಡು ಇದು. ಮೇದೋಜೀರಕ ಹೆಚ್ಚು ಇನ್ಸುಲಿನ್ ಸ್ರವಿಸಿ ಸರಿತೂಗಿಸಿದರೆ ಸರಿ, ಇಲ್ಲವಾದರೆ ಸಕ್ಕರೆ ಏರುತ್ತದೆ. ಮಾಸಿನ ಮೂಲಕ ಗ್ಲೂಕೋಸ್ ಮಗುವಿಗೆ ಹಾಯುತ್ತದೆ, ತಾಯಿಯ ಇನ್ಸುಲಿನ್ ಹಾಯುವುದಿಲ್ಲ. ಹೆಚ್ಚಿನ ಸಕ್ಕರೆಯನ್ನು ನಿಭಾಯಿಸಲು ಮಗು ತಾನೇ ಹೆಚ್ಚು ಇನ್ಸುಲಿನ್ ಮಾಡುತ್ತದೆ, ಅದರಿಂದ ಕೊಬ್ಬು ಕೂಡಿಸಿಕೊಂಡು ದಪ್ಪಗಾಗುತ್ತದೆ. ಹುಟ್ಟಿದ ಕೂಡಲೇ ತಾಯಿಯಿಂದ ಬರುವ ಗ್ಲೂಕೋಸ್ ನಿಂತು, ಮಗುವಿನ ಸಕ್ಕರೆ ಹಠಾತ್ತನೆ ಕುಸಿಯುವ ಅಪಾಯವೂ ಇದೆ. ಡೆನ್ಮಾರ್ಕಿನ ಯಾರ್ಗನ್ ಪೆಡರ್ಸನ್ ಈ ವಿವರಣೆಯನ್ನು ಮುಂದಿಟ್ಟದ್ದು 1952ರಲ್ಲಿ.

2008ರಲ್ಲಿ ಒಂಬತ್ತು ದೇಶಗಳ ಸುಮಾರು 25,000 ಗರ್ಭಿಣಿಯರ ಬೃಹತ್ ಅಧ್ಯಯನ ಪ್ರಕಟವಾಯಿತು. ತಾಯಿಯ ಸಕ್ಕರೆ ಏರಿದಂತೆ ದಪ್ಪ ಮಗು ಹುಟ್ಟುವ ಸಂಭವವೂ ಏರುತ್ತದೆ, ಆದರೆ ‘ಇಲ್ಲಿಯ ತನಕ ಕ್ಷೇಮ, ಇಲ್ಲಿಂದಾಚೆ ಅಪಾಯ’ ಎಂಬ ಖಚಿತ ಗಡಿ ಇಲ್ಲ ಎಂದು ಅದು ತೋರಿಸಿತು. ನೀರು ಹೆಪ್ಪುಗಟ್ಟಲು ಸೊನ್ನೆ ಡಿಗ್ರಿ ಎಂಬ ಬಿಂದು ಇದ್ದಂತೆ ಇಲ್ಲಿ ಯಾವ ಬಿಂದುವೂ ಇಲ್ಲ. ನಡುವೆ ಗೆರೆಯೆಳೆದ ಪಟ್ಟಿ ಇಂಥ ವಿದ್ಯಮಾನಕ್ಕೆ ಹೊಂದುವುದೇ ಇಲ್ಲ.

ಹಾಗೆಂದು ಆಹಾರ ಕ್ರಮದಿಂದ ಪ್ರಯೋಜನವಿಲ್ಲ ಎಂದು ಭಾವಿಸಬೇಡಿ. 2005ರಲ್ಲಿ ಪ್ರಕಟವಾದ, ಆಸ್ಟ್ರೇಲಿಯಾದ ಸಂಶೋಧಕರು ಸಾವಿರ ಗರ್ಭಿಣಿಯರ ಮೇಲೆ ನಡೆಸಿದ ಪ್ರಯೋಗದಲ್ಲಿ, ಆಹಾರ ಸಲಹೆ, ಸಕ್ಕರೆಯ ಅಳತೆ ಮತ್ತು ಬೇಕಾದವರಿಗೆ ಇನ್ಸುಲಿನ್ ಕೊಟ್ಟ ಗುಂಪಿನಲ್ಲಿ ಹುಟ್ಟಿನ ಸಮಯದ ಗಂಭೀರ ತೊಂದರೆಗಳು ಶೇಕಡಾ 4ರಿಂದ 1ಕ್ಕೆ ಇಳಿದವು. ಆ ಗುಂಪಿನಲ್ಲಿ ಇನ್ಸುಲಿನ್ ಬೇಕಾದದ್ದು ಸುಮಾರು ಐವರಲ್ಲಿ ಒಬ್ಬರಿಗೆ. ಉಳಿದವರಿಗೆ ಊಟದ ತಿದ್ದುಪಡಿಯೇ ಸಾಕಾಯಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಐವರಲ್ಲಿ ಆ ಒಬ್ಬರು ತಪ್ಪಿತಸ್ಥರಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯ ಸಕ್ಕರೆಯನ್ನು ನಿರ್ಧರಿಸುವುದು ಹೆಚ್ಚಾಗಿ ರಾತ್ರಿಯಿಡೀ ಯಕೃತ್ತು ಬಿಡುಗಡೆ ಮಾಡುವ ಗ್ಲೂಕೋಸ್. ಅದನ್ನು ಊಟದಿಂದ ತಿದ್ದುವುದು ಎಲ್ಲರಲ್ಲೂ ಆಗುವ ಮಾತಲ್ಲ. ನಮ್ಮ ಹೆಣ್ಣುಮಗಳನ್ನು ಆಹಾರ ತಜ್ಞೆಯೊಬ್ಬರ ಬಳಿ ಕಳಿಸಿದೆವು. ಮುದ್ದೆ ಚಿಕ್ಕದಾಯಿತು, ಬೆಳಗಿನ ಎರಡು ಇಡ್ಲಿ ಸಾಂಬಾರಿನೊಂದಿಗೆ ಮರಳಿ ಬಂತು, ಮಧ್ಯಾಹ್ನದ ಡಬ್ಬಿಗೆ ಅಳತೆಯ ಅನ್ನ, ಸೊಪ್ಪಿನ ಹುಳಿ, ಒಂದು ಮೊಟ್ಟೆ ಸೇರಿದವು. ಊಟದ ನಂತರದ ಅಂಕಿಗಳು ಇಳಿದವು, ತೂಕ ಏರತೊಡಗಿತು. ಬೆಳಗಿನ ಅಂಕಿ ಮಾತ್ರ ಜಗ್ಗಲಿಲ್ಲ. ವೈದ್ಯರು ರಾತ್ರಿಗೆ ಸ್ವಲ್ಪ ಇನ್ಸುಲಿನ್ ಬರೆದುಕೊಟ್ಟರು. “ನೆಟ್ಟಗೆ ಪಥ್ಯ ಮಾಡಿದ್ದಿದ್ದರೆ ಸೂಜಿ ಯಾಕೆ ಬೇಕಿತ್ತು?” ಎಂದರು ಅತ್ತೆ. ಈ ಮಾತನ್ನು ಅತ್ತೆಗೆ ಕಲಿಸಿದ್ದು ಅದೇ ಪಟ್ಟಿ. ತಿನ್ನಬಹುದು, ತಿನ್ನಬಾರದು ಎಂಬ ಭಾಷೆ ವಿಧಿ-ನಿಷೇಧದ ಭಾಷೆ. ಅದರಲ್ಲಿ ಸಕ್ಕರೆ ಏರಿದರೆ ಪಾಪ, ಸೂಜಿ ಎಂದರೆ ಶಿಕ್ಷೆ. ಮಾಸಿನ ಹಾರ್ಮೋನಿಗೂ ಸೊಸೆಯ ನಡತೆಗೂ ಸಂಬಂಧವಿಲ್ಲವೆಂದು ಹೇಳುವ ಒಂದು ಸಾಲು ಆ ಹಾಳೆಯಲ್ಲಿದ್ದಿದ್ದರೆ ಎಷ್ಟೋ ಮನೆಗಳಲ್ಲಿ ಕಣ್ಣೀರು ಉಳಿಯುತ್ತಿತ್ತು.

ಅಳೆಯುವ ಯಂತ್ರದ ಅಂಕೆಗಳು

ಊಟ ಸರಿಯಾಯಿತೇ ಇಲ್ಲವೇ ಎಂದು ಹೇಳುವ ಸಾಕ್ಷಿ ಗ್ಲೂಕೋಮೀಟರು. ಗರ್ಭಕಾಲದಲ್ಲಿ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ: ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ, ಊಟವಾಗಿ ಒಂದು ಗಂಟೆಗೆ 140ಕ್ಕಿಂತ ಕಡಿಮೆ, ಎರಡು ಗಂಟೆಗೆ 120ಕ್ಕಿಂತ ಕಡಿಮೆ. ಮಾನ, ಪ್ರತಿ ಡೆಸಿಲೀಟರಿಗೆ ಮಿಲಿಗ್ರಾಂ. ನಮ್ಮ ಹಾಳೆಯಲ್ಲಿ ಈ ಅಂಕಿಗಳೂ ಇರಲಿಲ್ಲ. ಗುರಿ ಹೇಳದೆ ಬಾಣ ಕೊಟ್ಟಂತೆ.

ಆದರೆ ಯಂತ್ರ ತೋರಿಸುವ ಅಂಕಿಯನ್ನು ಶಿಲಾಶಾಸನವೆಂದು ತಿಳಿಯಬಾರದು. ಮನೆಬಳಕೆಯ ಗ್ಲೂಕೋಮೀಟರುಗಳಿಗೆ 2013ರ ಅಂತರರಾಷ್ಟ್ರೀಯ ಮಾನಕ ಅನುಮತಿಸುವ ದೋಷ 100 ಮತ್ತು ಅದರ ಮೇಲಿನ ಅಂಕಿಗಳಲ್ಲಿ ಶೇಕಡಾ 15. ನಿಜವಾದ ಸಕ್ಕರೆ 120 ಇದ್ದಾಗ ಯಂತ್ರ 102ರಿಂದ 138ರ ನಡುವೆ ಏನು ತೋರಿಸಿದರೂ ಅದು ಉತ್ತೀರ್ಣ! ಹಾಗಾಗಿ ಒಂದು ದಿನದ 124 ನೋಡಿ ಮರುದಿನ ಊಟ ಬಿಡುವುದು ತಪ್ಪು. ಒಂದು ದಿನದ 116 ನೋಡಿ ಬೀಗುವುದೂ ತಪ್ಪು. ವಾರದ ಸಾಲನ್ನು ನೋಡಬೇಕು. ಮಾವಿನಹಣ್ಣು ಹೆಚ್ಚಿದ ಕೈ ತೊಳೆಯದೆ ಬೆರಳು ಚುಚ್ಚಿದರೆ ಯಂತ್ರ ಅಳೆಯುವುದು ಮಾವಿನ ಸಕ್ಕರೆಯನ್ನೂ ಸೇರಿಸಿ. ಕೈ ತೊಳೆದು, ಒರೆಸಿ, ಊಟ ಶುರುಮಾಡಿದ ಹೊತ್ತನ್ನು ಬರೆದಿಟ್ಟು ಅಳೆಯುವುದು ಪ್ರಯೋಗಾಲಯದ ಶಿಸ್ತು. ಮನೆಯಲ್ಲೂ ಅದೇ ಬೇಕು.

ಹಾಳೆಯಲ್ಲಿ ಇಲ್ಲದ ಕೊನೆಯ ಸಾಲು

ಈಗ ಪಟ್ಟಿಯ ಅತಿ ಗಂಭೀರ ಲೋಪಕ್ಕೆ ಬರುತ್ತೇನೆ. ಹೆರಿಗೆಯಾಯಿತು, ಮಾಸು ಹೊರಬಿತ್ತು, ಸಕ್ಕರೆ ಇಳಿಯಿತು, ಇನ್ಸುಲಿನ್ ನಿಂತಿತು. ಹಾಳೆ ಅಲ್ಲಿಗೆ ಮುಗಿಯುತ್ತದೆ. ರೋಗದ ಕತೆ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ.

ಇದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಶಿಶುಗಳ ಜನನದ ಅಳತೆಗಳನ್ನು ಜೋಪಾನವಾಗಿಟ್ಟಿರುವುದಕ್ಕೆ ವೈದ್ಯಲೋಕದಲ್ಲಿ ಹೆಸರಾಗಿದೆ. ಅಲ್ಲಿ 1997-98ರಲ್ಲಿ ಗರ್ಭಿಣಿಯರ ಅಧ್ಯಯನವೊಂದು ಆರಂಭವಾಯಿತು. ಸುಮಾರು 30ನೆಯ ವಾರದಲ್ಲಿ ಪರೀಕ್ಷಿಸಿದ 785 ಮಂದಿಯಲ್ಲಿ ಶೇಕಡಾ 6.2ರಷ್ಟು ಮಂದಿಗೆ ಗರ್ಭಕಾಲದ ಮಧುಮೇಹವಿತ್ತು. ಐದು ವರ್ಷಗಳ ನಂತರ ಅದೇ ತಾಯಂದಿರನ್ನು ಕರೆದು ಮತ್ತೆ ಪರೀಕ್ಷಿಸಿದರು. ಗರ್ಭಕಾಲದಲ್ಲಿ ಸಕ್ಕರೆ ಸರಿಯಿದ್ದವರಲ್ಲಿ ಮಧುಮೇಹ ಬಂದಿದ್ದದ್ದು ಶೇಕಡಾ 2ರಷ್ಟು ಮಂದಿಗೆ. ಗರ್ಭಕಾಲದ ಮಧುಮೇಹವಿದ್ದವರಲ್ಲಿ ಶೇಕಡಾ 37! ಮರುಪರೀಕ್ಷೆಗೆ ಬಂದ ಈ ಎರಡನೆಯ ಗುಂಪಿನಲ್ಲಿದ್ದವರು 35 ಮಂದಿ ಮಾತ್ರ. ಸಂಖ್ಯೆ ಚಿಕ್ಕದು, ಅದನ್ನು ಒಪ್ಪಿಕೊಳ್ಳಬೇಕು. ಆದರೂ ಎರಡಕ್ಕೂ ಮೂವತ್ತೇಳಕ್ಕೂ ಇರುವ ಅಂತರ ಯಾವ ಅಳತೆಯ ದೋಷದಲ್ಲೂ ಮುಚ್ಚಿಹೋಗುವಂಥದ್ದಲ್ಲ.

ಆದ್ದರಿಂದಲೇ ಸಚಿವಾಲಯದ ಮಾರ್ಗದರ್ಶಿ ಹೆರಿಗೆಯಾದ ಆರು ವಾರಕ್ಕೆ 75 ಗ್ರಾಂ ಗ್ಲೂಕೋಸ್ ಕೊಟ್ಟು ಮತ್ತೊಮ್ಮೆ ಪರೀಕ್ಷಿಸಬೇಕೆಂದು ಹೇಳುತ್ತದೆ. ಮಗುವಿನ ಲಸಿಕೆಗೆಂದು ತಾಯಿ ಆಸ್ಪತ್ರೆಗೆ ಬರುವ ಸಮಯವೂ ಅದೇ. ಒಂದೇ ಹೋಗುವಿಕೆಯಲ್ಲಿ ಎರಡೂ ಆಗುತ್ತದೆ. ಆದರೆ ಪಟ್ಟಿಯಲ್ಲಿ ಅದನ್ನು ಬರೆದಿರಲಿಲ್ಲ, ಅವಳಿಗೆ ಯಾರೂ ಹೇಳಲೂ ಇಲ್ಲ. ನಾನೂ ಹೇಳಲಿಲ್ಲ. ಹಿಟ್ಟಿನ ಲೋಟ ತೂಗಿಸುವ ಉತ್ಸಾಹದಲ್ಲಿದ್ದ ನನಗೆ ಮಗು ಹುಟ್ಟಿದ ಮೇಲೆ ಪ್ರಯೋಗ ಮುಗಿಯಿತೆಂದೇ ಅನ್ನಿಸಿತ್ತು. ಮೈಸೂರಿನ ಅಧ್ಯಯನದ ಅಂಕಿಗಳನ್ನು ಓದಿದ್ದು ಆಮೇಲೆ. ಆಗ ಮಗುವಿಗೆ ಎರಡು ವರ್ಷ ತುಂಬಿತ್ತು.

ಹಾಳೆ ಹೇಗಿರಬೇಕು?

ತಪ್ಪು ಎತ್ತಿ ತೋರಿಸಿ ಸುಮ್ಮನಾಗುವುದು ವಿಮರ್ಶೆಯಲ್ಲ. ಹೊರರೋಗಿ ವಿಭಾಗದಲ್ಲಿ ನೂರು ಮಂದಿ ಸಾಲುಗಟ್ಟಿ ನಿಂತಿರುವಾಗ ಒಬ್ಬೊಬ್ಬರಿಗೆ ಎರಡು ನಿಮಿಷವೂ ಸಿಗದ ವೈದ್ಯರ ಕಷ್ಟ ನನಗೆ ಗೊತ್ತು. ಹಾಳೆ ಬೇಕೇ ಬೇಕು. ಅದನ್ನು ಇನ್ನಷ್ಟು ಚೆನ್ನಾಗಿ ಬರೆಯಬಹುದು, ಅಷ್ಟೆ.

ಅದು ಓದುವವರ ಭಾಷೆಯಲ್ಲಿರಲಿ. ಮರ್ಫಿ ಟೌನಿನಂಥ ಕಡೆ ಕನ್ನಡ, ತಮಿಳು, ಉರ್ದು, ತೆಲುಗು ನಾಲ್ಕೂ ಬೇಕಾಗಬಹುದು. ಆಹಾರದ ಹೆಸರಿನ ಮುಂದೆ ಅಳತೆಯಿರಲಿ. ನಮ್ಮ ಅಡುಗೆಮನೆಗೆ ಅಳತೆ ಹೊಸದೇನಲ್ಲ; ಸೇರು, ಪಾವು, ಚಟಾಕುಗಳಲ್ಲಿ ನಮ್ಮ ಅಜ್ಜಿಯರು ಲೆಕ್ಕ ತಪ್ಪದೆ ಅಕ್ಕಿ ಹಾಕುತ್ತಿದ್ದರು. ದಿನವೂ ಬಳಸುವ ಒಂದೇ ಲೋಟ, ಒಂದೇ ಸೌಟು ಇಟ್ಟುಕೊಂಡು, ಅದರಲ್ಲಿ ಎಷ್ಟು ಗ್ರಾಂ ಹಿಡಿಯುತ್ತದೆಂದು ಒಮ್ಮೆ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡರೆ ಸಾಕು. ಯಾವ ರೂಪದಲ್ಲಿ ತಿನ್ನಬೇಕು, ಜೊತೆಗೆ ಸೊಪ್ಪು, ಕಾಳು, ಮೊಟ್ಟೆ, ಮೀನುಗಳಲ್ಲಿ ಏನಿರಬೇಕು ಎಂಬುದಿರಲಿ. ಕೆಲಸಕ್ಕೆ ಹೋಗುವವಳ ಬಿಡುವಿನ ಹೊತ್ತಿಗೆ ಹೊಂದುವ ವೇಳಾಪಟ್ಟಿಯಿರಲಿ. ಗುರಿಯ ಅಂಕಿಗಳಿರಲಿ, ಅಳೆದದ್ದನ್ನು ಬರೆಯಲು ಖಾಲಿ ಜಾಗವಿರಲಿ. ಎಷ್ಟು ಪಾಲು ಎಂಬುದನ್ನು ಅವಳ ತೂಕ, ದುಡಿಮೆ, ತಿಂಗಳು ನೋಡಿ ವೈದ್ಯರೋ ಆಹಾರ ತಜ್ಞರೋ ತುಂಬಲಿ. ಸಕ್ಕರೆ ಇಳಿಯದಿದ್ದರೆ ಊಟ ಬಿಡಬಾರದು, ವೈದ್ಯರನ್ನು ಕಾಣಬೇಕು ಎಂಬ ಎಚ್ಚರಿಕೆಯಿರಲಿ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ: ಹೆರಿಗೆಯಾಗಿ ಆರು ವಾರಕ್ಕೆ ಪರೀಕ್ಷೆ, ಆಮೇಲೂ ಆಗಾಗ ಪರೀಕ್ಷೆ.

ಈ ಪತ್ರಿಕೆಯ ಓದುಗರಲ್ಲಿ ಅಧ್ಯಾಪಕರಿದ್ದೀರಿ, ವಿಜ್ಞಾನ ಸಂಘಗಳ ಕಾರ್ಯಕರ್ತರಿದ್ದೀರಿ. ನಿಮ್ಮೂರಿನ ಆಸ್ಪತ್ರೆಯಲ್ಲಿ ಕೊಡುವ ಪಟ್ಟಿಯನ್ನು ಒಮ್ಮೆ ಕೇಳಿ ಪಡೆದು ಓದಿ. ಅಲ್ಲಿನ ವೈದ್ಯರ ಒಪ್ಪಿಗೆ ಪಡೆದು, ಆಹಾರ ತಜ್ಞರ ನೆರವಿನಿಂದ ಅದನ್ನು ನಿಮ್ಮ ಊರಿನ ಊಟಕ್ಕೆ, ನಿಮ್ಮ ಊರಿನ ಮಾತಿಗೆ ತಿದ್ದಿ ಬರೆಯಬಹುದು. ಒಂದು ಹಾಳೆಯ ಕೆಲಸ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಬಸಿರಿನಲ್ಲಿ ಸಕ್ಕರೆ ಬಂದಿದ್ದ ತಾಯಿ ಇದ್ದರೆ, ಮಗುವಿಗೆ ಎಷ್ಟೇ ವಯಸ್ಸಾಗಿರಲಿ, ಆಮೇಲೆ ಪರೀಕ್ಷೆ ಮಾಡಿಸಿಕೊಂಡಳೇ ಎಂದು ಇಂದೇ ಕೇಳಿ.

ನಾನು ತಡವಾಗಿ ಕೇಳಿದೆ. ಕಳೆದ ತಿಂಗಳು ಅವಳು ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ಮಗುವನ್ನು ನಮ್ಮ ಮನೆಯಲ್ಲಿ ಬಿಟ್ಟು, ಹೋಗಿ ರಕ್ತ ಕೊಟ್ಟು ಬಂದಳು. ಫಲಿತಾಂಶ ಅವಳದು, ಅದನ್ನು ಇಲ್ಲಿ ಬರೆಯುವುದಿಲ್ಲ. ಹಳೆಯ ಹಾಳೆಯ ಹಿಂಬದಿಯಲ್ಲಿ ಮುಂದಿನ ಪರೀಕ್ಷೆಯ ತಾರೀಖನ್ನು ಅವಳೇ ಕನ್ನಡದಲ್ಲಿ ಬರೆದುಕೊಂಡಿದ್ದಾಳೆ.